ಕರಿಕಲ್ಲು ಮೂಲೆಯಲ್ಲಿ ಕೈ ತೋರಿಸಿದವನು

ಜಾವೇದ್ ನನ್ನ ಮಾತು ಕೇಳದೆ ಸತ್ತ ಅಂತ ಹೋದ ಚಳಿಗಾಲ ಪೂರ್ತಿ ಶಿರಸಿ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅವರಿಗೆ ಹಾಗೆ ಹೇಳಿದವನು ನಾನೇ. ಅದು ಸುಳ್ಳು. ಅವನು ಸತ್ತದ್ದು ನನ್ನ ಮಾತು ಕೇಳಿ.

ನಾನು ಶಂಭುಲಿಂಗ, ಬನವಾಸಿಯವನು. ಅನಾನಸು ಬೆಳೆಯುತ್ತೇನೆ, ಸುತ್ತಲಿನವರದ್ದನ್ನೂ ಕೂಡಿಸಿ ಕರಾವಳಿಗೆ ಕಳಿಸುತ್ತೇನೆ. ಜಾವೇದ್ ಶಿರಸಿಯವನು. ಹನ್ನೊಂದು ವರ್ಷ ತನ್ನ ಪಿಕಪ್ ಗಾಡಿಯಲ್ಲಿ ನನ್ನ ಹಣ್ಣನ್ನು ಕುಮಟೆಗೆ, ಗೋಕರ್ಣಕ್ಕೆ ಇಳಿಸಿದವನು. ಬೆಳಗಿನ ಜಾವಕ್ಕೆ ಲೋಡು ಮಾಡಿ ಹೊರಟರೆ ಒಂಬತ್ತಕ್ಕೆಲ್ಲ ಗಾಡಿ ಖಾಲಿ. ಉಳಿದ ಚಾಲಕರು ಗಾಡಿಯ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದರು. ಇವನಿಗೆ ಮಲಗುವ ಬುದ್ಧಿ ಇರಲಿಲ್ಲ. ಗೋಕರ್ಣದ ದಂಡೆಯಲ್ಲಿ ಅಲೆಯ ಮೇಲೆ ಹಲಗೆ ಹತ್ತಿ ನಿಲ್ಲುವವರನ್ನು ನೋಡುತ್ತ ಕೂತ, ಮಾತಾಡಿಸಿದ, ಕಲಿತ. ಒಂದು ವರ್ಷ ಯಾರೋ ಊರಿಗೆ ಹೋಗುವಾಗ ತುದಿ ಮುರಿದ ಹಲಗೆಯೊಂದನ್ನು ಇವನಿಗೆ ಬಿಟ್ಟುಹೋದರು. ಅದನ್ನು ಶಿರಸಿಗೆ ತಂದು, ಕಾರುಗಳ ಬಂಪರ್ ಅಂಟಿಸುವವನ ಹತ್ತಿರ ಅಂಟಿಸಿಕೊಂಡು, ಕಾಲು ಜಾರದ ಹಾಗೆ ಮೇಲೆ ಮೇಣದಬತ್ತಿ ತಿಕ್ಕಿ, ತಾಡಪತ್ರಿಯ ಕೆಳಗೆ ಅನಾನಸಿನ ಮೇಲೆ ಮಲಗಿಸಿಕೊಂಡು ಓಡಾಡತೊಡಗಿದ. ಆ ಹಲಗೆ ಸಮುದ್ರದಲ್ಲಿ ಎಷ್ಟು ನೆನೆದರೂ ಅನಾನಸಿನ ವಾಸನೆ ಬಿಡಲಿಲ್ಲ.

ನಾನು ಬೇಕಾದಷ್ಟು ತಮಾಷೆ ಮಾಡಿದೆ. “ಲೇ ಜಾವೇದ, ಘಟ್ಟದ ಮ್ಯಾಲಿನವರು ನಾವು. ಸಮುದ್ರಕ್ಕ ಹೋಗಿ ಮೊಣಕಾಲು ನೆನಸ್ಕೊಂಡು, ನಾಕು ಚಿಪ್ಪು ಆರಿಸ್ಕೊಂಡು ಬರೋ ಜಾತಿ. ನಿನಗ್ಯಾಕಲೇ ಈ ಉಸಾಬರಿ?” ಅಂತ ಕೇಳಿದರೆ, “ಒಂದ್ಸಲ ಬಂದು ನೋಡು ಶಂಭು, ಆಮೇಲೆ ಬೈಯಿ” ಅನ್ನುತ್ತಿದ್ದ. ಒಂದು ಸಲ ಹೋದೆ. ಆಮೇಲೆ ಬೈಯುವ ನಾಲಗೆ ಹೊರಳಲಿಲ್ಲ.

ಕುಮಟೆಗೂ ಗೋಕರ್ಣಕ್ಕೂ ನಡುವೆ ಡಾಂಬರು ಮುಗಿದು, ಮಣ್ಣುರಸ್ತೆಯೂ ಮುಗಿದು, ಕೆಂಪುಕಲ್ಲಿನ ಬೋಳುಗುಡ್ಡ ಶುರುವಾಗುವ ಒಂದು ಜಾಗವಿದೆ. ಅಲ್ಲಿ ಗಾಡಿ ಬಿಟ್ಟು, ಮುಳ್ಳುಪೊದೆಗಳ ನಡುವೆ ಮುಕ್ಕಾಲು ಗಂಟೆ ನಡೆದು, ಕೊನೆಗೆ ಕೈಕಾಲು ನಾಲ್ಕೂ ಊರಿ ಒಂದು ಕೊರಕಲು ಇಳಿಯಬೇಕು. ಫೋನು ಹಿಡಿಯುವುದಿಲ್ಲ. ಮೀನುಗಾರರು ದೋಣಿಯಿಂದ ನೋಡಿ ಅದನ್ನು ಕರಿಕಲ್ಲು ಮೂಲೆ ಅನ್ನುತ್ತಾರೆಯೇ ಹೊರತು ಯಾರೂ ಅಲ್ಲಿ ಇಳಿಯುವುದಿಲ್ಲ. ದೊಡ್ಡದೊಂದು ಕಪ್ಪು ಬಂಡೆ ಸಮುದ್ರದೊಳಕ್ಕೆ ಚಾಚಿದೆ. ಅಲೆ ಅದನ್ನು ಬಳಸಿ ಬರುವಾಗ ಒಮ್ಮೆಲೇ ಒಡೆಯುವುದಿಲ್ಲ. ಒಂದು ತುದಿಯಿಂದ ಶುರುಮಾಡಿ, ಸೀರೆಯ ನಿರಿಗೆ ಹಿಡಿದ ಹಾಗೆ ಮಡಚುತ್ತ ಮಡಚುತ್ತ ದಡದವರೆಗೂ ಬರುತ್ತದೆ. ಜಾವೇದ್ ಆ ಮಡಿಕೆಯ ಮುಂದೆ ಮುಂದೆ, ಮೊಣಕಾಲು ಬಗ್ಗಿಸಿ, ಒಂದು ಕೈಯಿಂದ ನೀರಿನ ಗೋಡೆಯನ್ನು ಸವರುತ್ತ ಬಂದ. ಅಷ್ಟು ವರ್ಷ ಸ್ಟೇರಿಂಗ್ ಹಿಂದೆ ಕೂತು ಬೀಡಿ ಸೇದುವುದನ್ನಷ್ಟೇ ನೋಡಿದ್ದ ಮನುಷ್ಯ ಅವನೇ ಹೌದೋ ಅಲ್ಲವೋ ಅಂತ ನನಗೆ ಅನುಮಾನವಾಯಿತು. ದಡಕ್ಕೆ ಬಂದು ಅವನು ನಕ್ಕ ನಗೆ ನೋಡಿ ಹೊಟ್ಟೆಕಿಚ್ಚೂ ಆಯಿತು.

ಅಂದಿನಿಂದ ನನಗೊಂದು ಕೆಲಸ ಸಿಕ್ಕಿತು. ಹಲಗೆ ಹತ್ತುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ. ನಾನು ಬಂಡೆಯ ಮೇಲೆ ಟವೆಲ್ ಹಿಡಿದು ನಿಲ್ಲುವವನು. ನೀರಿನಲ್ಲಿ ತೇಲುವವನಿಗೆ ಮುಂದಿನ ಅಲೆಯೊಂದು ಬಿಟ್ಟರೆ ಏನೂ ಕಾಣುವುದಿಲ್ಲ. ಎತ್ತರದಲ್ಲಿ ನಿಂತವನಿಗೆ ಎಲ್ಲ ಕಾಣುತ್ತದೆ. ಪ್ರತಿ ಮಳೆಗಾಲಕ್ಕೂ ಅಲ್ಲಿ ತಳದ ಮರಳು ಜಾಗ ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ಹೀಗಾಗಿ ವಾಪಸ್ ಬರುವಾಗ ಯಾವ ಕಡೆಯಿಂದ ಬರಬೇಕು ಅಂತ ನಾನು ಕೈ ಮಾಡಿ ತೋರಿಸಬೇಕು.

ಅವನು ಹೇಳಿಕೊಟ್ಟಿದ್ದ. ಒಂದು ಸಲವಲ್ಲ, ನೂರು ಸಲ. “ನೊರೆ ಇದ್ದಲ್ಲಿ ಕೆಳಗೆ ಮರಳು ಇರ್ತದೆ, ಅಲೆ ನನ್ನನ್ನ ದಡಕ್ಕೆ ತಳ್ತದೆ. ಎರಡು ಕಡೆ ನೊರೆ ಇದ್ದು ನಡುವೆ ನೀರು ನುಣ್ಣಗೆ ಇರ್ತದೆ ನೋಡು, ಅಲ್ಲಿ ಬಂದ ನೀರೆಲ್ಲ ವಾಪಸ್ ಹೋಗ್ತಾ ಇರ್ತದೆ. ಅಲ್ಲಿಗೆ ಮಾತ್ರ ಕೈ ತೋರಿಸಬೇಡ ಮಾರಾಯ.” ನಾನು ಹೂಂ ಅಂದಿದ್ದೆ. ಹೂಂ ಅನ್ನುವುದಕ್ಕೆ ಏನು ಕಷ್ಟ?

ಈ ಕೆಲಸಕ್ಕೆ ನನ್ನನ್ನು ಗಟ್ಟಿಮಾಡಿದವಳು ಅವನ ಹೆಂಡತಿ ಹುಸ್ನಾ. ನಮ್ಮೂರ ವರದೆ ಹೊಳೆಗೆ ನೆರೆ ಬಂದ ಒಂದು ವರ್ಷ ನಾನು ಈಜಿ ಇಬ್ಬರನ್ನು ಎಳೆದು ತಂದಿದ್ದೆ. ಅದರಿಂದ ನನಗೆ ನೀರಿನ ವಿಷಯದಲ್ಲಿ ಇಲ್ಲದ ಹೆಸರು ಬಂದಿತ್ತು. ಅವಳು ಆ ಕಥೆ ಕೇಳಿದವಳು. ಗಂಡನ ಹುಚ್ಚು ಬಿಡಿಸಲು ಆಗದೆ, ಕೊನೆಗೆ ಒಂದು ದಿನ ನನ್ನೆದುರಿಗೇ ಅವನ ಕೈ ಹಿಡಿದು ಮಗಳ ತಲೆಯ ಮೇಲೆ ಇಡಿಸಿದಳು. “ಶಂಭಣ್ಣ ಇಲ್ಲದೆ ನೀರಿಗೆ ಇಳಿಯೋದಿಲ್ಲ, ಶಂಭಣ್ಣ ಕೈ ತೋರಿಸಿದ ಕಡೆಯಿಂದಲೇ ಬರ್ತೇನೆ ಅಂತ ಹೇಳಿ.” ಅವನು ನಗುತ್ತ ಹೇಳಿದ. ನನಗೆ ಆವತ್ತು ಎದೆ ಒಂದು ಗೇಣು ಉಬ್ಬಿತ್ತು.

ಹೋದ ಅಕ್ಟೋಬರ್ ಮೊದಲ ವಾರ. ಮಳೆ ನಿಂತಿತ್ತು, ಸಮುದ್ರ ಇನ್ನೂ ನಿಂತಿರಲಿಲ್ಲ. ಮೂರು ಸಲ ಚೆನ್ನಾಗಿಯೇ ಬಂದ. ನಾಲ್ಕನೆಯ ಸಲ ಅಲೆ ಅವನನ್ನು ಕೆಡವಿತು, ಕಾಲಿಗೂ ಹಲಗೆಗೂ ಕಟ್ಟಿದ್ದ ಹಗ್ಗ ತುಂಡಾಯಿತು. ಹಲಗೆ ಬಂದು ನನ್ನ ಕಣ್ಣೆದುರೇ ಬಂಡೆಗೆ ಬಡಿದು ಎರಡಾಯಿತು. ದೂರದಲ್ಲಿ ಅವನ ತಲೆ ಮಾತ್ರ ಕಾಣುತ್ತಿತ್ತು. ಅವನು ನನ್ನ ಕಡೆ ತಿರುಗಿ ಕಾದ.

ಎಡಕ್ಕೆ, ಬಂಡೆಯ ಹತ್ತಿರ, ನೊರೆಯೇ ನೊರೆ. ಬಲಕ್ಕೆ ಒಂದು ಗದ್ದೆಯಗಲದ ನೀರು ನುಣ್ಣಗೆ, ಕಪ್ಪಗೆ, ಏನೂ ಆಗದವರ ಹಾಗೆ ಬಿದ್ದಿತ್ತು. ಜಾವೇದ್ ನೂರು ಸಲ ಹೇಳಿಕೊಟ್ಟದ್ದು ಆ ಹೊತ್ತಿಗೆ ಎಲ್ಲಿ ಹೋಯಿತೋ ಗೊತ್ತಿಲ್ಲ. ತಲೆಯೊಳಗೆ ಬಂದದ್ದು ನಲವತ್ತು ವರ್ಷದ ಹಿಂದೆ ವರದೆಯ ದಂಡೆಯಲ್ಲಿ ಅಪ್ಪ ಕಲಿಸಿದ ಈಜು. ನೊರೆ ಎದ್ದಲ್ಲಿ ಅಡಿಯಲ್ಲಿ ಕಲ್ಲು, ತಲೆ ಒಡೆಯುತ್ತದೆ. ನೀರು ಮಲಗಿದಲ್ಲಿ ಹೋಗು. ಹೊಳೆಗೆ ಅದು ಸರಿ. ಆ ಬುದ್ಧಿಯಿಂದಲೇ ನಾನು ಇಬ್ಬರನ್ನು ಬದುಕಿಸಿದ್ದೆ. ನಾನು ಟವೆಲ್ ಎತ್ತಿ ನುಣ್ಣನೆಯ ನೀರಿನ ಕಡೆ ಬೀಸಿದೆ.

ಅವನು ತಲೆ ಅಲ್ಲಾಡಿಸಿದ. ಒಂದು ಕೈ ಎತ್ತಿ ನನ್ನ ಎಡಕ್ಕೆ, ನೊರೆಯ ಕಡೆ ತೋರಿಸಿ, ಈ ಕಡೆಯಾ ಅನ್ನುವ ಹಾಗೆ ಕೇಳಿದ. ನನಗೆ ಸಿಟ್ಟು ಬಂತು. ಬಂಡೆಗೆ ಬಡಿದು ಸಾಯುತ್ತಾನೆ ಅಂತ ಹೆದರಿಕೆ, ಹೇಳಿದ್ದು ಕೇಳುವುದಿಲ್ಲ ಅಂತ ಸಿಟ್ಟು. ಗಂಟಲು ಹರಿಯುವ ಹಾಗೆ ಕೂಗಿ, ಎರಡೂ ಕೈಯಲ್ಲಿ ಬಲಕ್ಕೆ ಬೀಸಿದೆ. ಅವನು ಇನ್ನೊಮ್ಮೆ ನೊರೆಯ ಕಡೆ ನೋಡಿದ. ಆಮೇಲೆ ಬಲಕ್ಕೆ ತಿರುಗಿ ಈಜಿದ.

ಅವನು ದಡದ ಕಡೆ ಕೈ ಹೊಡೆಯುತ್ತಿದ್ದ, ದೇಹ ಮಾತ್ರ ಹಿಂದೆ ಹಿಂದೆ ಹೋಗುತ್ತಿತ್ತು. ಅರ್ಥವಾಗಲು ನನಗೆ ಅಷ್ಟು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬಟ್ಟೆಯಲ್ಲೇ ಇಳಿದೆ. ಎರಡನೆಯ ಅಲೆ ನನ್ನನ್ನು ಎತ್ತಿ ಬಂಡೆಗೆ ಒಗೆದು ಮೊಣಕೈ ಮುರಿಯಿತು. ಎದ್ದು ನೋಡಿದಾಗ ಅವನ ತಲೆ ಕಾಣಲಿಲ್ಲ. ಗುಡ್ಡ ಹತ್ತಿ ಫೋನು ಹಿಡಿಯುವ ಜಾಗಕ್ಕೆ ಬರುವಷ್ಟರಲ್ಲಿ ಒಂದು ತಾಸು ಕಳೆದಿತ್ತು. ಮಾರನೆಯ ದಿನ ಮಧ್ಯಾಹ್ನ ಮೀನುಗಾರರು ಅವನನ್ನು ತಂದರು.

ಅವನ ತಂದೆ ಚಾಂದ್ ಪಾಷಾ ಚಾಚಾ ದಂಡೆಗೆ ಬಂದಿದ್ದರು. ಮೂವತ್ತೈದು ವರ್ಷ ಲಾರಿ ಓಡಿಸಿದ ಮುದುಕ. ಮಗನ ಮುಖ ನೋಡಿ, ಮುಚ್ಚಿ, ನನ್ನ ಹತ್ತಿರ ಬಂದು ಕೇಳಿದರು: “ನೀನು ಅಲ್ಲೇ ಇದ್ದೆಯಲ್ಲ ಬೇಟಾ. ಕೈ ತೋರಿಸಲಿಲ್ವಾ?”

“ತೋರಿಸಿದೆ ಚಾಚಾ,” ಅಂದೆ. “ಅಂವ ಕೇಳಲಿಲ್ಲ.”

ಯೋಚನೆ ಮಾಡಿ ಹೇಳಿದ ಸುಳ್ಳಲ್ಲ. ಬಾಯಿ ತಾನೇ ಹೇಳಿತು. ಆದರೆ ಮರುದಿನವೂ ಅದನ್ನೇ ಹೇಳಿತು, ಅದರ ಮರುದಿನವೂ. ಸತ್ತವನ ಮೇಲೆ ಗೂಬೆ ಕೂರಿಸುವುದು ಸುಲಭ. ಅವನು ಎದ್ದು ಬಂದು ಅಲ್ಲ ಅನ್ನುವುದಿಲ್ಲ. ಹುಸ್ನಾ ಇದ್ದತ್‌ನಲ್ಲಿ ಕೂತಳು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವಳು ಮನೆಯ ಹೊರಗೆ ಬರುವ ಹಾಗಿಲ್ಲ, ಹೊರಗಿನ ಗಂಡಸರೆದುರು ಬರುವ ಹಾಗೂ ಇಲ್ಲ. ಅವಳ ಮುಖ ನೋಡಬೇಕಾಗಿಲ್ಲವಲ್ಲ ಅಂತ ನನಗೆ ನೆಮ್ಮದಿಯಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆ ನಾಲ್ಕು ತಿಂಗಳು ಕಳೆದೆ.

ಮೇಲಿನ ಹತ್ತು ದಿನವೂ ಮುಗಿದ ವಾರಕ್ಕೆ ಚಾಚಾ ಫೋನ್ ಮಾಡಿದರು. “ಸೊಸೆ ಆ ಜಾಗ ನೋಡಬೇಕಂತೆ ಶಂಭು. ಕಬರಸ್ತಾನಕ್ಕೆ ನಮ್ಮಲ್ಲಿ ಹೆಂಗಸರು ಹೋಗೋದಿಲ್ಲ. ಸಮುದ್ರಕ್ಕಾದರೂ ಹೋಗ್ತೇನೆ ಅಂತಾಳೆ. ದಾರಿ ನಿನಗೊಬ್ಬನಿಗೇ ಗೊತ್ತು.”

ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ನಡೆದು ಗಾಡಿ ಬಿಡುತ್ತಿರಲಿಲ್ಲ. ಸಿದ್ದಾಪುರದ ಮೇಲೆ ಹೋದೆವು. ಪಿಕಪ್ ಮಾರಿಹೋಗಿತ್ತು, ನನ್ನ ಹಳೇ ಕಾರು. ಚಾಚಾ ಮುಂದೆ, ಹುಸ್ನಾ ಹಿಂದೆ. ಸಿದ್ದಾಪುರದಲ್ಲಿ ಚಾ ಕುಡಿಯಲು ನಿಂತಾಗ ಚಾಚಾನ ಹಳೇ ಗುರುತಿನ ಚಾಲಕರೊಬ್ಬರು ಸಿಕ್ಕಿ ಮಗನ ವಿಷಯ ಕೇಳಿದರು. ಚಾಚಾ ತಲೆ ತಗ್ಗಿಸಿ, “ಹಠಮಾರಿ ನೋಡಿ. ಈ ಶಂಭು ದಾರಿ ತೋರಿಸ್ತಾ ನಿಂತಿದ್ದ. ಕೇಳಬೇಕಲ್ಲ” ಅಂದರು. ಆ ಮನುಷ್ಯ ನನ್ನ ಬೆನ್ನು ತಟ್ಟಿದರು. ನಾನು ಉಳಿದ ಚಾ ಚೆಲ್ಲಿ ಕಾರಿನ ಕಡೆ ನಡೆದೆ.

ಇವತ್ತು ಹೇಳಬೇಕು ಅಂತ ದೊಡ್ಮನೆ ಘಟ್ಟ ಇಳಿಯುವಾಗ ನಿಶ್ಚಯ ಮಾಡಿದೆ. ಘಟ್ಟ ಮುಗಿಯುವಷ್ಟರಲ್ಲಿ ಇವತ್ತು ಬೇಡ ಅಂತ ಇನ್ನೊಂದು ನಿಶ್ಚಯ ಮಾಡಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಮಣ್ಣುರಸ್ತೆಯ ತುದಿಯಲ್ಲಿ ಚಾಚಾ ಕಾರಿನಲ್ಲೇ ಉಳಿದರು. ಅವರ ಮೊಣಕಾಲು ಆ ಕೊರಕಲಿಗೆ ಆಗುವಂಥದ್ದಲ್ಲ. “ನೀವಿಬ್ಬರು ಹೋಗಿ ಬನ್ನಿ. ಅವಳನ್ನ ಹುಷಾರಾಗಿ ಇಳಿಸು” ಅಂದರು. ನಾನು ಮುಂದೆ, ಹುಸ್ನಾ ಹತ್ತು ಹೆಜ್ಜೆ ಹಿಂದೆ. ಬುರ್ಖಾದ ಅಂಚು ಮುಳ್ಳಿಗೆ ಸಿಕ್ಕಿದಾಗಲೆಲ್ಲ ನಿಂತು ಬಿಡಿಸಿಕೊಂಡು ಬರುತ್ತಿದ್ದಳು. ಕೊರಕಲಿನ ಹತ್ತಿರ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ನಾನು ಕೈ ಚಾಚಿದರೆ ಬೇಡ ಅಂದು, ಕಲ್ಲು ಹಿಡಿದು ತಾನೇ ಇಳಿದಳು.

ಫೆಬ್ರುವರಿಯ ಸಮುದ್ರ. ತಳ ಕಾಣುವ ನೀರು, ಮೊಣಕಾಲೆತ್ತರದ ಅಲೆ. ಅವಳು ನಿಂತು ಬಹಳ ಹೊತ್ತು ನೋಡಿದಳು.

“ಇಷ್ಟೇನಾ?” ಅಂದಳು.

“ಆವತ್ತು ಹಿಂಗಿರಲಿಲ್ಲ ತಂಗಿ.”

“ಚಾಲೀಸ್ವಾಂಗೆ, ನಲವತ್ತನೇ ದಿನ, ಮನೆ ತುಂಬ ಜನ ಅತ್ತರು ಶಂಭಣ್ಣ. ನಾನು ಅಳಲಿಲ್ಲ. ಕಲ್ಲು ಇವಳು ಅಂದ್ಕೊಂಡಿರ್ತಾರೆ. ನನಗೆ ಅಳು ಬರೋದಿಲ್ಲ, ಸಿಟ್ಟು ಬರ್ತದೆ. ಮಗಳ ತಲೆ ಮೇಲೆ ಕೈ ಇಟ್ಟು ಹೇಳಿದ ಮಾತು. ಅದನ್ನೇ ಮುರಿದ್ರಲ್ಲ. ನಮಾಜಿಗೆ ಕೂತರೂ ದುವಾ ಬರೋದಿಲ್ಲ, ಅವರನ್ನ ಬೈತಾ ಕೂತಿರ್ತೇನೆ. ಅದಕ್ಕೇ ಬಂದೆ. ಅವರು ಯಾವ ಕಡೆ ನೋಡಿ ಮಾತು ಮುರಿದ್ರು ಅಂತ ನೋಡಬೇಕು ನನಗೆ. ನೀವು ಎಲ್ಲಿ ನಿಂತಿದ್ರಿ? ಹೆಂಗೆ ಕೈ ಮಾಡಿದ್ರಿ? ತೋರ್ಸಿ.”

ನಾನು ಬಂಡೆ ಹತ್ತಿದೆ. ಹತ್ತದೆ ಏನು ಮಾಡಲಿ? ಅವಳು ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದಳು. ನಾನು ಎಡಗೈ ಎತ್ತಿ ಎಡಕ್ಕೆ, ಬಂಡೆಯ ಬುಡಕ್ಕೆ ತೋರಿಸಿದೆ. ಅವಳು ಆ ಕಡೆ ತಿರುಗಿ, ಅಲ್ಲಿ ನೀರಿನಲ್ಲಿ ಬರೆದದ್ದು ಏನೋ ಇದೆ ಅನ್ನುವ ಹಾಗೆ ನೋಡಿದಳು. “ಇಷ್ಟು ಹತ್ತಿರ ಇತ್ತಾ ದಾರಿ,” ಅಂದಳು. “ಇಷ್ಟು ಹತ್ತಿರ ಇದ್ದೂ ಬರಲಿಲ್ವಾ ನೀವು?” ಅದು ನನಗಲ್ಲ, ಅವನಿಗೆ ಹೇಳಿದ್ದು. ಅವಳು ಅವನನ್ನು ಬೈಯತೊಡಗಿದಳು. ಉರ್ದುವಿನಲ್ಲಿ, ಸಣ್ಣ ದನಿಯಲ್ಲಿ, ಮನೆಗೆ ತಡವಾಗಿ ಬಂದ ಗಂಡನನ್ನು ಬೈಯುವ ಹಾಗೆ.

ನನ್ನ ಕೈ ಕೆಳಗಿಳಿಯಿತು.

“ತಂಗಿ, ಅವಗ ಬೈಬ್ಯಾಡ,” ಅಂದೆ. “ನಾ ತೋರಿಸಿದ್ದು ಈ ಕಡೆ ಅಲ್ಲ.”

ಬಲಗೈ ಎತ್ತಿ ಬಲಕ್ಕೆ ತೋರಿಸಿದೆ. ಎಲ್ಲ ಹೇಳಿದೆ. ನೊರೆ, ನುಣ್ಣನೆಯ ನೀರು, ವರದೆ, ಅಪ್ಪ, ಎಲ್ಲ. ನಾನು ಅಳುತ್ತಿದ್ದೆ ಅಂತ ಮಾತು ಮುಗಿದ ಮೇಲೆ ಗೊತ್ತಾಯಿತು. ಅವಳು ಅಳಲಿಲ್ಲ. ಒಂದೊಂದಾಗಿ ಕೇಳಿದಳು.

“ನಿಮ್ಮ ಕೈ ಅವರಿಗೆ ಕಂಡಿತ್ತಾ?”

“ಕಂಡಿತ್ತು. ಮೊದಲ ಸಲ ತಲೆ ಅಲ್ಲಾಡಿಸಿದ. ಆ ಕಡೆಯಿಂದ ಬರ್ಲಾ ಅಂತ ಎಡಕ್ಕ ಕೈ ಮಾಡಿ ಕೇಳಿದ.”

“ಆಮೇಲೆ?”

“ನಾ ಮತ್ತ ಬಲಕ್ಕ ತೋರಿಸಿದೆ. ಬೈದೆ.”

“ಬಂದ್ರಾ?”

“ಬಂದ.”

ಹುಸ್ನಾ ಮರಳಿನ ಮೇಲೆ ಕೂತಳು. ಚಪ್ಪಲಿ ಇನ್ನೂ ಅವಳ ಕೈಯಲ್ಲೇ ಇತ್ತು. “ಅವರಿಗೆ ಗೊತ್ತಿತ್ತು,” ಅಂದಳು. “ತಪ್ಪು ಅಂತ ಗೊತ್ತಿತ್ತು. ಆದರೂ ಬಂದ್ರು. ಮಗಳ ತಲೆ ಮೇಲೆ ಕೈ ಇಡಿಸಿದ್ದು ನಾನು.”

ನಾನು ಬಂಡೆಯಿಂದ ಬೀಳುತ್ತ ಏಳುತ್ತ ಇಳಿದು ಬಂದೆ. “ಹಂಗನಬ್ಯಾಡ ತಂಗಿ. ತಪ್ಪೆಲ್ಲ ನಂದು. ನಿಂದೇನೂ ಇಲ್ಲ ಇದರಾಗ.”

“ನಿಮ್ಮ ಪಾಲು ನಿಮಗಿರಲಿ,” ಅಂದಳು. “ನನ್ನದನ್ನೂ ನೀವೇ ಇಟ್ಕೋಬೇಡಿ. ನಾಲ್ಕೂವರೆ ತಿಂಗಳು ಇಟ್ಕೊಂಡದ್ದು ಸಾಕು.”

ಆಮೇಲೆ ಅವಳು ಅತ್ತಳು. ನಾನು ದೂರ ಹೋಗಿ ಬೆನ್ನು ಮಾಡಿ ನಿಂತೆ. ಸಮುದ್ರ ಸಣ್ಣಗೆ ಸದ್ದು ಮಾಡುತ್ತಿತ್ತು, ಅವಳ ಅಳು ಅದಕ್ಕಿಂತ ದೊಡ್ಡದಾಗಿ ಕೇಳುತ್ತಿತ್ತು. ನನ್ನನ್ನು ಕ್ಷಮಿಸು ಅಂತ ಕೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಆ ಅಳುವಿನ ನಡುವೆ ನನ್ನ ಅರ್ಜಿ ಹಿಡಿದುಕೊಂಡು ಹೋಗಲು ನಾಚಿಕೆಯಾಯಿತು. ಎಷ್ಟೋ ಹೊತ್ತಿನ ಮೇಲೆ ಅವಳು ಎದ್ದು, ನೀರಿನ ಅಂಚಿಗೆ ಹೋಗಿ, ಎರಡೂ ಅಂಗೈ ಬಿಡಿಸಿ ದುವಾ ಕೇಳಿದಳು. ವಾಪಸ್ ಗುಡ್ಡ ಹತ್ತುವಾಗ ಅವಳು ಮುಂದೆ ಇದ್ದಳು.

ಚಾಚಾ ಕಾರಿನ ಬಾಗಿಲು ತೆಗೆದು, ಕಾಲು ಹೊರಗಿಟ್ಟು ಕೂತಿದ್ದರು. “ನೋಡಿದ್ಯಾ ಬೇಟಿ? ಆ ಹಠಮಾರಿ…” ಅಂತ ಶುರು ಮಾಡಿದರು.

“ಅಬ್ಬಾಜಾನ್, ಆ ಮಾತು ಇನ್ನು ಆಡಬೇಡಿ,” ಅಂದಳು ಹುಸ್ನಾ. “ಶಂಭಣ್ಣ ಏನೋ ಹೇಳ್ತಾರೆ. ಕೇಳಿ.” ಹಿಂದಿನ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡಳು.

ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. ಆಗ ಬಾಯಿ ತಪ್ಪಿ ಬಂದಿತ್ತು, ಈಗ ಒಂದೊಂದೇ ಮಾತನ್ನು ಎತ್ತಿ ಇಡಬೇಕಿತ್ತು.  ಕಾರಿನ ಬಾಗಿಲ ಮೇಲಿದ್ದ ಚಾಚಾನ ಕೈಯ ಬೆರಳು ಬಿಗಿಯಾಗುತ್ತ ಹೋಯಿತು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

“ತಲೆ ಅಲ್ಲಾಡಿಸಿದ್ನಾ?” ಅಂತ ಕೇಳಿದರು.

“ಹೂಂ ಚಾಚಾ.”

“ಆದರೂ ಬಂದ್ನಾ?”

“ಬಂದ.”

ಅವರು ಗುಡ್ಡದ ಕಡೆ ನೋಡುತ್ತ ಕೂತರು. “ಹೂಳೋಕೆ ಮೊದಲು ಜನಾಜಾದ ಮುಂದೆ ತಂದೆ ಆದವನು ಜಮಾತಿನ ಹತ್ರ ಮಾಫಿ ಕೇಳ್ತಾನೆ ಶಂಭು. ನನ್ನ ಮಗ ಯಾರಿಗಾದರೂ ತಪ್ಪು ಮಾಡಿದ್ರೆ ಮಾಫ್ ಮಾಡಿ ಅಂತ. ಎಲ್ಲ ತಂದೆಯೂ ಕೇಳ್ತಾನೆ, ಅದು ರಿವಾಜು. ನಾನು ಅಷ್ಟಕ್ಕೇ ಬಿಡಲಿಲ್ಲ. ಇವನು ದೊಡ್ಡವರ ಮಾತು, ಹೆಂಡತಿ ಮಾತು, ದೋಸ್ತನ ಮಾತು ಯಾವುದೂ ಕೇಳಲಿಲ್ಲ, ಹಠದಿಂದ ಸತ್ತ, ಇವನ ಹಠವನ್ನೂ ಮಾಫ್ ಮಾಡಿ ಅಂತ ಕೇಳಿದೆ. ಇನ್ನೂರು ಜನರ ಮುಂದೆ. ಮಗ ಅಲ್ಲೇ ಮಲಗಿದ್ದ.”

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಕಾಲು ಎಳೆದುಕೊಂಡರು.

“ಅದೆಲ್ಲ ಬೇಡ. ನಾಡಿದ್ದು ಶುಕ್ರವಾರ. ನಮ್ಮ ಮಸೀದಿ ಹತ್ರ ಬಾ.”

ಶುಕ್ರವಾರ ಬನವಾಸಿಯಿಂದ ಮೊದಲ ಬಸ್ಸಿಗೇ ಹೊರಟೆ. ಹೆಂಡತಿ ಎಲ್ಲಿಗೆ ಅಂದಾಗ ಹೇಳಿದೆ. ಅವಳು “ಹೋಗಿ ಬರ್ರಿ” ಅಂದಳು. ಮಸೀದಿಯ ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಒಳಗೆ ನಮಾಜು ಮುಗಿಯಿತು, ಜನ ಹೊರಗೆ ಬಂದರು. ಬಹಳ ಜನ ನನಗೆ ಗೊತ್ತಿದ್ದವರೇ, ನನ್ನ ಹಣ್ಣು ಹೇರಿದವರು, ಇಳಿಸಿದವರು. ಚಾಚಾ ಬಂದು ನನ್ನ ಮಣಿಕಟ್ಟು ಹಿಡಿದು ಮೆಟ್ಟಿಲ ಹತ್ತಿರ ನಿಲ್ಲಿಸಿದರು. “ಸ್ವಲ್ಪ ನಿಲ್ಲಿ. ಇವನು ಹೇಳೋದು ಕೇಳಿ ಹೋಗಿ” ಅಂದರು.

ಹೇಳಿದೆ. ಬಿಸಿಲಿನಲ್ಲಿ ನಿಂತು ಮೂರನೆಯ ಸಲ ಹೇಳಿದೆ. ಯಾರೋ ಒಬ್ಬರು ನನ್ನನ್ನು ಬೈದರು, ಇನ್ಯಾರೋ ಅವರನ್ನು ಸುಮ್ಮನಿರಿಸಿದರು. ನನ್ನ ಬೆನ್ನು ಯಾರೂ ತಟ್ಟಲಿಲ್ಲ. ನಾನು ಮುಗಿಸಿದ ಮೇಲೆ ಚಾಚಾ ಜನರ ಕಡೆ ತಿರುಗಿದರು.

“ಆವತ್ತು ನಿಮ್ಮೆಲ್ಲರ ಹತ್ರ ನನ್ನ ಮಗನ ಹಠಕ್ಕೆ ಮಾಫಿ ಕೇಳಿದ್ದೆ,” ಅಂದರು. “ನೀವು ಕೊಟ್ಟಿದ್ರಿ. ಅದನ್ನ ಇವತ್ತು ನಿಮಗೆ ವಾಪಸ್ ಕೊಡ್ತೇನೆ. ಅದು ಅವನಿಗೆ ಬೇಕಾಗಿರಲಿಲ್ಲ. ಹೇಳಿದ ಮಾತು ಕೇಳೋ ಮಗ ಅವನು.”

ಇಷ್ಟು ಹೇಳಿ ನನ್ನ ಕೈ ಬಿಟ್ಟರು. ಸಾಲಿನಲ್ಲಿ ತಮ್ಮ ಚಪ್ಪಲಿ ಹುಡುಕಿ ಹಾಕಿಕೊಂಡು, ನನ್ನ ಕಡೆ ನೋಡದೆ, ಮನೆಯ ಕಡೆ ಹೋದರು.